ಹೊಸಬರ ಗಾಳದ ಕಿಟ್ ಬದಲಾಗುತ್ತಿದೆ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಹೊಸದಾಗಿ ಗಾಳ ಹಿಡಿಯುವವರಿಗೆಂದು ನಮ್ಮ ಸಹಕಾರ ಸಂಘ ಕೊಡುತ್ತಿದ್ದ ಕಿಟ್ ಮುಂದಿನ ತಿಂಗಳಿನಿಂದ ಈಗಿನಂತೆ ಇರುವುದಿಲ್ಲ. ಮುಳ್ಳಿರುವ ಕೊಕ್ಕೆ (ಮುಳ್ಳು ಎಂದರೆ ಮೊನೆಯ ಬಳಿ ಹಿಮ್ಮುಖವಾಗಿ ಚಾಚಿರುವ ಸಣ್ಣ ಚೂಪು), ಮೂರು ಮೊನೆಯ ಕೊಕ್ಕೆ, ದಾರ ಮುಳುಗಲೆಂದು ಕೂರಿಸುವ ಸೀಸದ ಗುಂಡು, ಗಂಟುಗಂಟಾದ ನೈಲಾನ್ ಕೈಬಲೆ, ಇವಿಷ್ಟನ್ನೂ ತೆಗೆದಿದ್ದೇವೆ. ಬದಲಿಗೆ ಮುಳ್ಳಿಲ್ಲದ ಒಂಟಿ ಕೊಕ್ಕೆ, ತವರದ ಗುಂಡು, ರಬ್ಬರ್ ಬಲೆ ಮತ್ತು ಉದ್ದ ಮೂತಿಯ ಇಕ್ಕಳ ಇರುತ್ತವೆ. ಬಾಡಿಗೆಯ ನಿಯಮಗಳೂ ಒಂದೆರಡು ಬದಲಾಗಿವೆ.

ಸುದ್ದಿ ಕಿವಿಗೆ ಬಿದ್ದವರೆಲ್ಲ ಕೇಳುತ್ತಿರುವುದು ಒಂದೇ: ಮುಳ್ಳಿಲ್ಲದ ಕೊಕ್ಕೆಯಲ್ಲಿ ಮೀನು ನಿಲ್ಲುತ್ತದೆಯೇ? ದಾರ ಬಿಗಿಯಾಗಿದ್ದಷ್ಟು ಹೊತ್ತು ನಿಲ್ಲುತ್ತದೆ. ರಾಡಿನ ತುದಿ ಬಾಗಿಯೇ ಇರುವಂತೆ ಹಿಡಿದು, ರೀಲನ್ನು ಒಂದೇ ಸಮನೆ ಸುತ್ತಬೇಕು. ದಾರ ಸಡಿಲ ಬಿಟ್ಟಿರೋ, ಮೀನು ಜಾರಿತು. ಮೊದಮೊದಲು ಕೆಲವು ತಪ್ಪಿಸಿಕೊಳ್ಳುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಹೊಸಬರಿಗೆ ಇದೇ ಸರಿ ಎನ್ನುವುದು ನಮ್ಮ ತೀರ್ಮಾನ. ಮೀನು ಹಿಡಿಯುವುದಕ್ಕಿಂತ ಬಿಡಿಸುವುದರಲ್ಲೇ ಹೊಸಬರ ಕೈ ತಡವರಿಸುವುದು. ಮುಳ್ಳು ಕಚ್ಚಿಕೊಂಡ ಕೊಕ್ಕೆಯ ಜೊತೆ ಅವರು ಗುದ್ದಾಡುತ್ತಿರುವಾಗ ಮೀನು ಬಿಸಿ ಕಲ್ಲಿನ ಮೇಲೆ ಬಿದ್ದು ಒದ್ದಾಡುತ್ತಿರುತ್ತದೆ, ಮೈಯ ಲೋಳೆಯೆಲ್ಲ ಮಣ್ಣಿಗೆ ಅಂಟುತ್ತದೆ. ರೋಗ ತಗಲದಂತೆ ಮೀನನ್ನು ಕಾಯುವುದು ಆ ಲೋಳೆಯೇ. ಗಂಟುಬಲೆ ಬೇಡ ಎಂದದ್ದೂ ಇದೇ ಕಾರಣಕ್ಕೆ.

ಮುಳ್ಳಿಲ್ಲದಿದ್ದರೆ ಕೆಲಸ ಹಗುರ. ಮೀನು ಬಲೆಯೊಳಗೆ, ನೀರಿನಲ್ಲೇ ಇರಲಿ. ಕೈ ಒದ್ದೆ ಮಾಡಿಕೊಳ್ಳಿ. ಇಕ್ಕಳದಿಂದ ಕೊಕ್ಕೆಯ ಕಾಲನ್ನು ಹಿಡಿದು, ಹೊಕ್ಕ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದರೆ ಕಳಚಿಕೊಳ್ಳುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಕೀಳಲೇಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಟ್ಟುಬಿಡಿ. ಎಳೆದು ಕಿತ್ತ ಮೀನಿಗಿಂತ ಹೀಗೆ ಬಿಟ್ಟ ಮೀನು ಬದುಕುವ ಸಾಧ್ಯತೆ ಹೆಚ್ಚು. ಮನೆಗೆ ಒಯ್ಯುವ ಮೀನಾದರೆ ಒದ್ದಾಡಲು ಬಿಡದೆ ತಲೆಗೆ ಒಂದು ಗಟ್ಟಿ ಏಟು ಕೊಟ್ಟು ಮುಗಿಸಿ. ಎಷ್ಟು ಉದ್ದದ ಮೀನು, ಯಾವ ತಿಂಗಳಲ್ಲಿ ಹಿಡಿಯಬಹುದು ಎಂಬುದು ಒಂದೊಂದು ನೀರಿಗೆ ಒಂದೊಂದು ಥರ, ಮೊದಲೇ ವಿಚಾರಿಸಿಕೊಂಡು ಹೋಗಿ.

ಅಂದಹಾಗೆ, ಕೊಕ್ಕೆಗೆ ಸಿಕ್ಕಿಕೊಳ್ಳುವುದು ಮೀನೊಂದೇ ಅಲ್ಲ. ಹಿಂದೆ ಯಾರಿದ್ದಾರೆಂದು ನೋಡದೆ ಬೀಸುವವರು ಇರುವವರೆಗೂ ಬೆರಳು, ಕಿವಿ, ಕುತ್ತಿಗೆ ಎಲ್ಲಕ್ಕೂ ಸರದಿ ಬರುತ್ತದೆ. ಮುಳ್ಳಿಲ್ಲದ ಕೊಕ್ಕೆ ಬೆರಳಿನಿಂದಲೂ ಸುಲಭವಾಗಿ ಹೊರಬರುತ್ತದೆ. ಕಣ್ಣಿನ ಬಳಿ ಚುಚ್ಚಿದ್ದನ್ನು ಮಾತ್ರ ಮುಟ್ಟದೆ ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನು ಸೀಸ. ಆಹಾರ ಅರೆಯಲೆಂದು ನೀರುಹಕ್ಕಿಗಳು ಸಣ್ಣ ಹರಳುಗಳನ್ನು ನುಂಗುತ್ತವೆ. ಉದುರಿದ ಸೀಸದ ಗುಂಡೂ ಅವುಗಳ ಕಣ್ಣಿಗೆ ಹರಳೇ. ಹೊಟ್ಟೆಯಲ್ಲಿ ಅದು ಸವೆದು ರಕ್ತಕ್ಕೆ ಸೇರಿ ಹಕ್ಕಿ ಸಾಯುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದರಿಂದಲೇ ಸುಮಾರು 28 ಗ್ರಾಂವರೆಗಿನ ಬಹುತೇಕ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲಿ ನಿಲ್ಲಿಸಿದರು. ನಮ್ಮ ಗ್ರಾಹಕರಲ್ಲೂ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಕೂರಿಸುವ ಅಭ್ಯಾಸವಿದೆ, ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ. ತವರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಗಾತ್ರದಲ್ಲಿ ದಪ್ಪವಾಗಿರುತ್ತದೆ, ನಿಧಾನವಾಗಿ ಮುಳುಗುತ್ತದೆ. ಬೆಂಡಿನ ಸಮತೋಲ ಒಮ್ಮೆ ನೋಡಿಕೊಳ್ಳಿ.

ದೋಣಿ ಬಾಡಿಗೆಗೆ ಒಯ್ಯುವವರಿಗೆ ಲೈಫ್ ಜಾಕೆಟ್ ಕಡ್ಡಾಯ. ಜಾಕೆಟ್ ತೊಟ್ಟು ಬಕಲ್ ಹಾಕಿದ ಮೇಲೆಯೇ ಹುಟ್ಟು ಕೈಗೆ ಕೊಡುತ್ತೇವೆ. ಈಜು ಬರುತ್ತದೆ ಎಂಬ ಮಾತಿಗೆ ವಿನಾಯಿತಿ ಇಲ್ಲ. ಗುಡುಗು ಕೇಳಿಸಿದರೆ ದಡಕ್ಕೆ ಬನ್ನಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ನೀರಿಗೆ ಇಳಿಯುವಂತಿಲ್ಲ. ಬಾಡಿಗೆಯ ರಾಡುಗಳು ಕಾರ್ಬನ್ನಿನವು, ವಿದ್ಯುತ್ ಹರಿಸುತ್ತವೆ. ವಿದ್ಯುತ್ ತಂತಿಯ ಕೆಳಗೆ ರಾಡನ್ನು ಎತ್ತಿಕೊಂಡು ನಡೆಯುವುದು ಬೇಡ.

ಕಡುಬೇಸಿಗೆಯ ಮಧ್ಯಾಹ್ನಗಳಲ್ಲಿ ಹೊಸಬರಿಗೆ ರಾಡ್ ಬಾಡಿಗೆಗೆ ಕೊಡುವುದನ್ನೂ ನಿಲ್ಲಿಸಿದ್ದೇವೆ. ಇದಕ್ಕೆ ಗೊಣಗಾಟ ಇದೆ, ಗೊತ್ತು. ಆದರೆ ಸೊನ್ನೆ ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಕರಗುವುದು 7.5ರ ಆಸುಪಾಸು. ಅಂಥ ನೀರಿನಲ್ಲಿ ಎಳೆದಾಡಿಸಿಕೊಂಡು ದಣಿದ ಮೀನನ್ನು ಎಷ್ಟೇ ನಾಜೂಕಾಗಿ ಬಿಟ್ಟರೂ ಚೇತರಿಸಿಕೊಳ್ಳುವುದು ಕಷ್ಟ. ಬೆಳಗಿನ ಹೊತ್ತು ಬನ್ನಿ, ಮೀನು ಕಚ್ಚುವುದೂ ಆಗಲೇ ಚೆನ್ನಾಗಿ.

ಮನೆಯಲ್ಲಿರುವ ಸೀಸದ ಗುಂಡು, ಸಿಕ್ಕಾದ ದಾರದ ಉಂಡೆ ತಂದುಕೊಡಿ. ಗುಂಡಿಗೆ ಅಷ್ಟೇ ತೂಕದ ತವರ ಕೊಡುತ್ತೇವೆ. ಹಳೆಯ ಒಂಟಿ ಕೊಕ್ಕೆಗಳನ್ನು ಎಸೆಯಬೇಕಿಲ್ಲ: ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿ, ಹತ್ತಿ ಬಟ್ಟೆಗೆ ಚುಚ್ಚಿ ಎಳೆದು ನೋಡಿ. ಎಳೆ ಹಿಡಿದರೆ ಇನ್ನೊಮ್ಮೆ ಒತ್ತಿ. ಒತ್ತುವಾಗ ಕಣ್ಣಿಗೆ ಕನ್ನಡಕವಿರಲಿ, ಗಟ್ಟಿ ಉಕ್ಕಿನ ಮುಳ್ಳು ಮುರಿದು ಸಿಡಿಯುವುದುಂಟು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಸದಸ್ಯರೆಲ್ಲರ ಪರವಾಗಿ)