ತಾಂಬೂಲದ ಚೀಲ ಇನ್ನು 32 ರೂಪಾಯಿ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನಮಸ್ಕಾರ.

ಸುತ್ತಿ ಬಳಸಿ ಹೇಳುವುದು ಬೇಡ. ಯುಗಾದಿ ಕಳೆದ ಮೇಲೆ ಬರುವ ಆರ್ಡರ್‌ಗಳಿಗೆ ತಾಂಬೂಲದ ಚೀಲ 24 ರೂಪಾಯಿ ಅಲ್ಲ, 32. ಅರಿಶಿನ-ಕುಂಕುಮದ ಪುಟ್ಟ ಚೀಲ 9ರಿಂದ 12ಕ್ಕೆ ಹೋಗುತ್ತದೆ. ಹುಟ್ಟುಹಬ್ಬದ ಬಟ್ಟೆ ತೋರಣ, ಎಳ್ಳು-ಬೆಲ್ಲದ ಕಾಗದದ ಡಬ್ಬಿ ಇವೆಲ್ಲ ಸದ್ಯಕ್ಕೆ ಹಳೆಯ ಬೆಲೆಗೇ ಸಿಗುತ್ತವೆ. ಚೀಲದ ಮೇಲೆ ಮಗುವಿನ ಹೆಸರು ಬರೆದುಕೊಡುವುದು ಇಷ್ಟು ದಿನ ಪುಕ್ಕಟೆ ಇತ್ತು, ಇನ್ನು ಒಂದಕ್ಕೆ 2 ರೂಪಾಯಿ. ಆರ್ಡರ್ 12 ದಿನ ಮೊದಲು ಕೊಡಬೇಕು. "ನಾಳೆ ಬೆಳಿಗ್ಗೆ ನಾಮಕರಣ ಅಕ್ಕಾ, ಹೇಗಾದ್ರೂ ಅರವತ್ತು ಮಾಡ್ಕೊಡಿ" ಅಂತ ರಾತ್ರಿ ಫೋನ್ ಮಾಡಿದರೆ ಈ ಸಲ ನಿಜವಾಗಿ ಇಲ್ಲ ಅನ್ನುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ಮೇ ತಿಂಗಳ ಮದುವೆಗೆ ಹೇಳಿಟ್ಟವರಿಗೂ ಅಷ್ಟೇ. ಪುಸ್ತಕದಲ್ಲಿ ಬರೆದಿದ್ದೇವೆ, ಮಾತು ತಪ್ಪುವುದಿಲ್ಲ.

ಬೆಲೆ ಏರುತ್ತದೆ ಅಂತ ಹತ್ತು ಜನಕ್ಕೆ ಹೇಳಿದ್ದಕ್ಕೆ ಎಂಟು ಜನ ಒಂದೇ ಮಾತು ಅಂದರು: "ಮನೆಯಲ್ಲೇ ಮಾಡೋದು ತಾನೇ, ಅದಕ್ಕೇನು ಅಷ್ಟೊಂದು ಖರ್ಚು?"

ಈ ಮಾತು ನಮಗೆ ಹೊಸದಲ್ಲ. ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆವು. ಈ ಸಲ ಲೆಕ್ಕವನ್ನೇ ಬಿಚ್ಚಿ ಇಡುತ್ತೇವೆ, ನೀವೇ ನೋಡಿ.

ಬಟ್ಟೆಯಿಂದ ಶುರು ಮಾಡೋಣ. 44 ಇಂಚು ಅಗಲದ ಒಂದು ಮೀಟರ್ ಬಟ್ಟೆಯಲ್ಲಿ ಎಂಟು ಚೀಲ ಬರುತ್ತವೆ. ಏಳಲ್ಲ, ಒಂಬತ್ತೂ ಅಲ್ಲ. ಚಿಕ್ಕಪೇಟೆಯಲ್ಲಿ ನಾವು ತರುವ ಬಟ್ಟೆಗೆ ಈಗ ಮೀಟರಿಗೆ 96 ರೂಪಾಯಿ. 24 ರೂಪಾಯಿ ಬೆಲೆ ಕಟ್ಟಿದಾಗ ಅದು 64 ಇತ್ತು. ಅಂದರೆ ಒಂದು ಚೀಲಕ್ಕೆ ಬಟ್ಟೆಯೇ 12. ಎರಡು ಕಡೆಯಿಂದ ಎಳೆಯುವ ದಾರ 2, ದಾರದ ತುದಿಗೆ ಪೋಣಿಸುವ ಮಣಿ 1, ಹೊಲಿಗೆ ನೂಲು, ಸೂಜಿ, ಕರೆಂಟು ಸೇರಿ 1. ಕತ್ತರಿಸುವವರಿಗೆ 1, ಇಸ್ತ್ರಿ ಮಾಡಿ ದಾರ ಪೋಣಿಸುವವರಿಗೆ 2. ಮೈಸೂರಿನಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಬಟ್ಟೆ ಗಂಟು ಹೊತ್ತು ತರುವ ಖರ್ಚು ಮತ್ತು ಕೆಟ್ಟುಹೋಗುವ ಚೀಲದ ಲೆಕ್ಕ ಸೇರಿ 2. ಇಲ್ಲಿಗೆ 21 ಆಯಿತು. ಹೊಲಿದವರಿಗೆ ಇನ್ನೂ ಒಂದು ಪೈಸೆ ಕೊಟ್ಟಿಲ್ಲ, ಗಮನಿಸಿ.

ಇಷ್ಟು ದಿನ ಒಂದು ಚೀಲ ಹೊಲಿದರೆ 3 ರೂಪಾಯಿ ಕೂಲಿ. ಅಂಚು ಒಳಗೆ ಮಡಚಿ ಎರಡು ಸಲ ಹೊಲಿಯಬೇಕು, ಇಲ್ಲದಿದ್ದರೆ ತೆಂಗಿನಕಾಯಿ ಭಾರಕ್ಕೆ ಪಕ್ಕ ಬಿಟ್ಟುಕೊಳ್ಳುತ್ತದೆ. ದಾರ ಹೋಗುವ ನಾಳ ಎರಡೂ ಕಡೆ ಸಮ ಇರಬೇಕು. ಕೈ ಪಳಗಿದವರು ಗಂಟೆಗೆ ಐದು ಹೊಲಿಯುತ್ತಾರೆ. ಗಂಟೆಗೆ 15 ರೂಪಾಯಿ ಆಯಿತು. ಒಂದು ಲೋಟ ಕಾಫಿ ದುಡ್ಡು! ಈಗ ಚೀಲಕ್ಕೆ 6 ಮಾಡಿದ್ದೇವೆ. ಆದರೂ ಗಂಟೆಗೆ 30 ಅಷ್ಟೇ, ಹೆಮ್ಮೆಪಡುವ ಮೊತ್ತವೇನಲ್ಲ. ಅಲ್ಲಿಗೆ 27. ಮಿಕ್ಕ 5 ರೂಪಾಯಿ ನಮ್ಮ ಹೊಲಿಗೆ ಸಂಘದ ಪೆಟ್ಟಿಗೆಗೆ. ಕೋಣೆಯ ಬಾಡಿಗೆ, ಮೆಷಿನ್ ರಿಪೇರಿ, ಬಾಕಿ ಉಳಿಸಿಕೊಂಡವರ ಹಣ ಬರುವ ತನಕ ಕೈಯಾಸರೆ, ಎಲ್ಲಕ್ಕೂ ಅದೇ.

ಮನೆಯಲ್ಲಿ ಮಾಡಿದ್ದು ಅಂದರೆ ಅಂಗಡಿ ಬೋರ್ಡು, ಏಸಿ, ಸೇಲ್ಸ್‌ಮನ್ ಖರ್ಚು ಇಲ್ಲ ಅಂತ ಅರ್ಥ. ಅದಕ್ಕೇ 32ಕ್ಕೆ ಬರುತ್ತಿದೆ. ಹೊಲಿಯುವವರಿಗೆ ಹಸಿವಾಗುವುದಿಲ್ಲ ಅಂತ ಅರ್ಥವಲ್ಲ. ಸ್ವಲ್ಪ ಖಾರವಾಯಿತೇನೋ, ಕ್ಷಮಿಸಿ. ಆದರೂ ಇನ್ನೊಂದು ಮಾತು ಹೇಳದೆ ಇರಲಾಗದು. ಆ ಚೀಲದ ಒಳಗೆ ಹಾಕುವ ಕಾಯಿಗೆ ಈಗ ಚೀಲಕ್ಕಿಂತ ಜಾಸ್ತಿ ಬೆಲೆ. ಕಾಯಿ ಅಂಗಡಿಯವನ ಹತ್ತಿರ ತುಟಿ ಬಿಚ್ಚದವರು ನಮ್ಮ ಹತ್ತಿರ ಬಂದು ಎರಡು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತೀರಿ. ನಮ್ಮವರು ಅಂತ ಸಲಿಗೆ, ಗೊತ್ತು. ಆ ಸಲಿಗೆ ಇರಲಿ.

"ಜಿಎಸ್‌ಟಿ ಕಮ್ಮಿ ಆಯ್ತಲ್ಲ, ಎಲ್ಲರೂ ಇಳಿಸಿದಾರೆ, ನೀವು ಮಾತ್ರ ಏರಿಸ್ತೀರಲ್ಲ" ಅಂತಲೂ ಕೇಳಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಬದಲಾಗಿದ್ದು ನಿಜ. ಆದರೆ ಹತ್ತಿ ಬಟ್ಟೆಗೆ ಮೊದಲೂ ಶೇಕಡಾ 5, ಈಗಲೂ 5. ಪಾಲಿಯೆಸ್ಟರ್ ಹೊಲಿಗೆ ನೂಲಿಗೆ 12 ಇದ್ದದ್ದು 5 ಆಗಿದೆ. ಒಂದು ಚೀಲಕ್ಕೆ ಎಷ್ಟು ನೂಲು ಹೋಗುತ್ತದೆ ಅಂತ ನಿಮಗೇ ಗೊತ್ತು. ಇನ್ನು ನಾವಂತೂ ನಿಮ್ಮಿಂದ ಜಿಎಸ್‌ಟಿ ತೆಗೆದುಕೊಂಡವರೇ ಅಲ್ಲ. ವರ್ಷಕ್ಕೆ 40 ಲಕ್ಷದ ವ್ಯಾಪಾರ ದಾಟಿದರೆ ತಾನೇ ಅದರ ಮಾತು? ದಾಟುವ ದಿನ ಬಂದರೆ ನಾವೇ ಸಿಹಿ ಹಂಚುತ್ತೇವೆ.

ಮಾರ್ಕೆಟ್ಟಿನಲ್ಲಿ ಹತ್ತು ರೂಪಾಯಿಗೆ ಸಿಗುವ ಚೀಲ ನಾವೂ ನೋಡಿದ್ದೇವೆ. ಮುಟ್ಟಿದರೆ ಬಟ್ಟೆ ತರಹ ಇರುತ್ತದೆ, ನೇಯ್ದದ್ದಲ್ಲ. ನಾನ್ ವೋವನ್ ಅನ್ನುತ್ತಾರೆ, ಅದೂ ಪ್ಲಾಸ್ಟಿಕ್ಕೇ. ಬೆಂಕಿಗೆ ಹಿಡಿದರೆ ಬೂದಿ ಆಗುವುದಿಲ್ಲ, ಕರಗಿ ಉಂಡೆ ಕಟ್ಟುತ್ತದೆ. 60 ಜಿಎಸ್‌ಎಂಗಿಂತ (ಅಂದರೆ ಚದರ ಮೀಟರಿಗೆ 60 ಗ್ರಾಂ ತೂಕಕ್ಕಿಂತ) ತೆಳು ಇರುವ ಅಂಥ ಚೀಲವನ್ನು 2021ರ ಸೆಪ್ಟೆಂಬರ್ 30ರಿಂದ ನಿಷೇಧ ಮಾಡಿದ್ದಾರೆ. ಹಾಗಂತ ಮಾರುವುದು ನಿಂತಿದೆಯಾ ಅಂತ ನಮ್ಮನ್ನು ಕೇಳಬೇಡಿ. ಥರ್ಮಾಕೋಲ್ ಅಕ್ಷರದ್ದೂ ಇದೇ ಕತೆ. 2022ರ ಜುಲೈ 1ರಿಂದ ಅಲಂಕಾರಕ್ಕೆ ಥರ್ಮಾಕೋಲ್ ಬಳಸುವಂತಿಲ್ಲ ಅಂತಾದಾಗ ನಾವು ಆ ವಾರವೇ ಬಿಟ್ಟೆವು. "ಎಲ್ಲರೂ ಮಾಡ್ತಾರೆ, ನಿಮಗೇನು ಕಷ್ಟ" ಅಂತ ಬೈಸಿಕೊಂಡದ್ದೂ ನಾವೇ. ಈಗ ಅದೇ ಮನೆಗಳಿಂದ ಬಟ್ಟೆ ತೋರಣಕ್ಕೆ ಆರ್ಡರ್ ಬರುತ್ತಿದೆ. ಮಡಚಿ ಇಟ್ಟರೆ ಮುಂದಿನ ಹುಟ್ಟುಹಬ್ಬಕ್ಕೂ ಆಗುತ್ತದೆ ಅಲ್ವಾ?

ಇನ್ನು ನಮ್ಮ ತಪ್ಪಿನ ವಿಷಯ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ಮನೆಗೆ 40 ಕೆಂಪು ಚೀಲ ಕೊಟ್ಟೆವು. ತೊಳೆದ ವೀಳ್ಯದೆಲೆಯನ್ನು ಒದ್ದೆ ಇರುವಾಗಲೇ ಹಾಕಿದ್ದಾರೆ. ಚೀಲ ಬಣ್ಣ ಬಿಟ್ಟಿತು. ಬಂದವರೊಬ್ಬರು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರಂತೆ, ಕೆನೆ ಬಣ್ಣದ ರೇಷ್ಮೆ ಸೀರೆಗೆ ಅಂಗೈ ಅಗಲದ ಕಲೆ. ಎಲೆ ಒರೆಸಿ ಹಾಕಬೇಕಿತ್ತು ಅಂತ ನಮ್ಮಲ್ಲೇ ಒಬ್ಬರು ಅಂದರು. ಎಲೆ ಒದ್ದೆ ಇರುವುದು ಸಹಜ, ಚೀಲ ತಡೆಯಬೇಕಿತ್ತು. ಅಷ್ಟೂ ಚೀಲದ ಹಣ ವಾಪಸ್ ಕೊಟ್ಟೆವು. ಸೀರೆಯ ಕಲೆಗೆ ಏನೂ ಮಾಡಲಾಗಲಿಲ್ಲ. ಆ ಮನೆಯವರು ಸಂಕ್ರಾಂತಿಗೆ ಮತ್ತೆ ಬಂದಾಗ ನಮಗೆ ತಲೆ ಎತ್ತಿ ಮಾತಾಡಲು ಆಗಲಿಲ್ಲ.

ಅಂದಿನಿಂದ ಬಟ್ಟೆ ಬಂದ ಕೂಡಲೇ ಒಂದು ರಾತ್ರಿ ನೀರಲ್ಲಿ ನೆನೆಸುತ್ತೇವೆ. ನೀರು ತಿಳಿಯಾಗುವ ತನಕ ಜಾಲಿಸಿ, ಮಹಡಿ ಮೇಲೆ ನೆರಳಲ್ಲಿ ಒಣಗಿಸಿ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ ಆಮೇಲೆ ಕತ್ತರಿ ಹಾಕುವುದು. 12 ದಿನ ಕೇಳುತ್ತಿರುವುದು ಇದಕ್ಕೇ. ಮಳೆಗಾಲದಲ್ಲಿ ಅದೂ ಸಾಲದು. ನೆನೆಸಿದರೆ ಬಟ್ಟೆ ಕುಗ್ಗುತ್ತದೆ, 44 ಇಂಚು 42ಕ್ಕೆ ಬರುತ್ತದೆ. ಮೊದಲು 22 ಇಂಚಿಗೆ ಕತ್ತರಿಸುತ್ತಿದ್ದೆವು, ಈಗ 21. ಆ ತುಂಡನ್ನು ಎರಡಾಗಿ ಮಡಚಿ ಹೊಲಿಯುವುದು, ಹಾಗಾಗಿ ಚೀಲ ಅರ್ಧ ಇಂಚು ಗಿಡ್ಡ ಆಗಿದೆ. ಇಬ್ಬರು ಟೇಪು ಹಿಡಿದು ಅಳೆದು ಕೇಳಿದ್ದಾರೆ, "ಬೆಲೆಯೂ ಜಾಸ್ತಿ, ಚೀಲವೂ ಚಿಕ್ಕದಾ" ಅಂತ. ಹೌದು, ಎರಡೂ ನಿಜ. ಜುಟ್ಟಿನ ಕಾಯಿ, ಎರಡು ಬಾಳೆಹಣ್ಣು, ಎಲೆ ಅಡಿಕೆ, ರವಿಕೆ ಕಣ ಹಾಕಿ ದಾರ ಎಳೆದು ನೋಡಿಯೇ ಅಳತೆ ಇಟ್ಟಿದ್ದೇವೆ. ಹಿಡಿಸುತ್ತದೆ. ಕಾಯಿ ತೀರಾ ದಪ್ಪ ಇದ್ದರೆ ಬಾಳೆಹಣ್ಣು ಮೇಲೆ ಇಣುಕುತ್ತದೆ, ಅಷ್ಟೇ.

32 ಜಾಸ್ತಿ ಆಯಿತು ಅನ್ನುವವರಿಗೆ ಒಂದು ದಾರಿ ಇದೆ. ಮನೆಯಲ್ಲಿರುವ ಹಳೆಯ ಹತ್ತಿ ಸೀರೆ ತಂದುಕೊಡಿ. ಬಟ್ಟೆ ನಿಮ್ಮದಾದರೆ ಚೀಲಕ್ಕೆ 18 ರೂಪಾಯಿ ಮಾತ್ರ. ಸೀರೆ ನೂರು ಸಲ ನೀರು ಕಂಡಿರುತ್ತದೆ, ಕುಗ್ಗುವ ಭಯವಿಲ್ಲ, ಹಳೆಯ 22 ಇಂಚಿಗೇ ಕತ್ತರಿಸುತ್ತೇವೆ. ಐದೂವರೆ ಮೀಟರ್ ಸೀರೆಯಲ್ಲಿ 44 ಬರುತ್ತವೆ. ಮೊನ್ನೆ ಒಬ್ಬರು ಸೀಮಂತಕ್ಕೆ ಅಂತ ತಂದರು, "ಸೆರಗು ಮಾತ್ರ ಮುಟ್ಟಬೇಡಿ" ಅಂದರು. ಸೆರಗು ಬಿಟ್ಟು 40 ಆಯಿತು. ಒಂದೊಂದು ಚೀಲಕ್ಕೂ ಒಂದಿಷ್ಟು ಅಂಚಾದರೂ ಬರಲಿ ಅಂತ ನಮ್ಮವರು ಕೂತು ಜೋಡಿಸಿದ್ದು ನೋಡಬೇಕಿತ್ತು. ಕೂಲಿ ಲೆಕ್ಕದಲ್ಲಿ ಅದು ಪೂರ್ತಿ ನಷ್ಟ, ಬಿಡಿ.

ಸೀರೆ ತರುವವರು ಒಗೆದು, ಇಸ್ತ್ರಿ ಮಾಡದೆ ತನ್ನಿ. ಸವೆದ ಕಡೆ ಸೂಜಿಯಲ್ಲಿ ಒಂದು ಗುರುತು ಹಾಕಿದ್ದರೆ ನಮಗೆ ಅರ್ಧ ಕೆಲಸ ಉಳಿಯುತ್ತದೆ. ಭಾನುವಾರ ಕೋಣೆ ಮುಚ್ಚಿರುತ್ತದೆ, ಮಿಕ್ಕ ದಿನ ಸಂಜೆ ಆರರ ತನಕ ಯಾರಾದರೂ ಇದ್ದೇ ಇರುತ್ತೇವೆ.

ಇಂತಿ,
ಹೊಲಿಗೆ ಕೋಣೆಯ ನಾವೆಲ್ಲರೂ

ವಿ.ಸೂ.: ಸಂಕ್ರಾಂತಿ ಹೊತ್ತಿಗೆ 11 ಹಸಿರು ಚೀಲ ಮರೆತು ಹೋದವರು ಯಾರು? ಹಣ ಕೊಟ್ಟಾಗಿದೆ, ಹೆಸರು ಬರೆದುಕೊಂಡಿಲ್ಲ. ಕಿಟಕಿ ಪಕ್ಕ ಕಟ್ಟಿಟ್ಟಿದ್ದೇವೆ, ಬಂದು ತೆಗೆದುಕೊಂಡು ಹೋಗಿ.