ಈಗ ಯಾವ ಬೆರಳು?

ಆರು ದಿನ ಆಸ್ಪತ್ರೆಯಲ್ಲಿದ್ದು ಮೊನ್ನೆ ಮನೆಗೆ ಬಂದೆ. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ, ಎರಡು ಮಾತಿಗೇ ಸುಸ್ತಾಗುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೆ ಟೈಪ್ 1 ಡಯಾಬಿಟಿಸ್ ಬಂದು 17 ವರ್ಷ ಆಯಿತು. ಸಿಹಿ ಜಾಸ್ತಿ ತಿಂದು ಬಂದದ್ದಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಮ್ಮ ದೇಹವೇ ಹಾಳು ಮಾಡುವ ಕಾಯಿಲೆ ಇದು. ದಿನಾ ಸೂಜಿ ಚುಚ್ಚಿಕೊಂಡೇ ಬದುಕಬೇಕು. ಇಷ್ಟು ವರ್ಷ ಅದನ್ನು ತಪ್ಪದೆ ಮಾಡಿದವನು ಈ ಸಲ ತಪ್ಪಿದೆ. ಜ್ವರ ಬಂತು, ಜೊತೆಗೆ ವಾಂತಿ. ಊಟವೇ ಇಲ್ಲ ಅಂದ ಮೇಲೆ ಇನ್ಸುಲಿನ್ ಯಾಕೆ ಅಂದುಕೊಂಡು ಒಂದೂವರೆ ದಿನ ಬಿಟ್ಟುಬಿಟ್ಟೆ. ಆದರೆ ಜ್ವರ ಇದ್ದಾಗ ಏನೂ ತಿನ್ನದಿದ್ದರೂ ಶುಗರ್ ಏರುತ್ತದೆ. ಇನ್ಸುಲಿನ್ ಇಲ್ಲದ ದೇಹ ಸಕ್ಕರೆ ಬಿಟ್ಟು ಕೊಬ್ಬು ಕರಗಿಸಲು ಶುರು ಮಾಡುತ್ತದೆ. ಆಗ ಹುಟ್ಟುವ ಕೀಟೋನ್ ಎಂಬ ಆಮ್ಲದ ಅಂಶ ತುಂಬಿಕೊಂಡು ರಕ್ತ ಆಮ್ಲವಾಗುತ್ತಾ ಹೋಗುತ್ತದೆ. ಡಾಕ್ಟರುಗಳು ಇದನ್ನು ಡಯಾಬಿಟಿಕ್ ಕೀಟೋಅಸಿಡೋಸಿಸ್, ಚಿಕ್ಕದಾಗಿ ಡಿಕೆಎ ಅನ್ನುತ್ತಾರೆ.

ಗೊತ್ತು ಹಿಡಿದವಳು ಅಕ್ಕ. "ಯಾಕೋ ಹೀಗೆ ಉಸಿರಾಡ್ತಿದೀಯ?" ಅಂತ ಹತ್ತಿರ ಬಂದಳು. ಕೊಳೆತ ಹಣ್ಣಿನ ಥರ ವಾಸನೆ ಬರುತ್ತಿತ್ತಂತೆ. ಮುಂದಿನದೇನೂ ನನಗೆ ನೆನಪಿಲ್ಲ. ಇನ್ನೊಂದು ಗಂಟೆ ಸುಮ್ನೆ ಮಲಗಿರಲಿ ಅಂತ ಅವಳು ಬಿಟ್ಟಿದ್ದರೆ? ಅದನ್ನು ಯೋಚಿಸಲೂ ಭಯವಾಗುತ್ತದೆ. ಅಕ್ಕಾ, ಎದುರಿಗೆ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಇಲ್ಲೇ ಓದಿಕೋ.

ಐಸಿಯುನಲ್ಲಿ ಗಂಟೆಗೊಮ್ಮೆ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದರು. ದಿನಕ್ಕೆ 24 ಸಲ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಪ್ರತಿ ಸಲವೂ ಮೆತ್ತಗೆ ಕೇಳುತ್ತಿದ್ದರು, "ಈಗ ಯಾವ ಬೆರಳು?" ನಾನು ಒಂದು ಬೆರಳು ಎತ್ತಿ ತೋರಿಸುತ್ತಿದ್ದೆ. ನನ್ನ ಕೈ ತಣ್ಣಗಿರುತ್ತಿತ್ತು. ತಮ್ಮ ಎರಡು ಅಂಗೈ ನಡುವೆ ಇಟ್ಟುಕೊಂಡು ಸ್ವಲ್ಪ ಹೊತ್ತು ಉಜ್ಜುತ್ತಿದ್ದರು. ಆಮೇಲೆ ಬೆರಳ ತುದಿಯ ಪಕ್ಕಕ್ಕೆ ಚುಚ್ಚುತ್ತಿದ್ದರು, ನಡುವೆ ಅಲ್ಲ. ನಡುವೆ ಚುಚ್ಚಿದರೆ ನೋವು ಜಾಸ್ತಿ, ಅದು ಚುಚ್ಚಿಸಿಕೊಂಡವರಿಗೇ ಗೊತ್ತು. ಮೊದಲ ಹನಿ ಹತ್ತಿಯಲ್ಲಿ ಒರೆಸಿ, ಎರಡನೆಯ ಹನಿ ಸ್ಟ್ರಿಪ್‌ಗೆ. ಬಂದ ನಂಬರನ್ನು ನನಗೂ ಹೇಳುತ್ತಿದ್ದರು.

ಶುಗರ್ 250ಕ್ಕಿಂತ ಕೆಳಗೆ ಬಂದಾಗ ಗ್ಲುಕೋಸ್ ಡ್ರಿಪ್ ಹಾಕಲು ಬಂದರು. ನಾನು ಗಾಬರಿಯಿಂದ ಕೈ ಎಳೆದುಕೊಂಡೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಶುಗರ್ ಇಳಿದರೆ ಸಾಕಾಗಲ್ಲ, ಕೀಟೋನ್ ಇನ್ನೂ ಇದೆ. ಅದು ಹೋಗೋವರೆಗೂ ಇನ್ಸುಲಿನ್ ನಿಲ್ಲಿಸೋ ಹಾಗಿಲ್ಲ. ಅಷ್ಟರಲ್ಲಿ ನಿಮ್ಮ ಶುಗರ್ ತೀರಾ ಬೀಳಬಾರದಲ್ವಾ, ಅದಕ್ಕೇ ಇದು," ಅಂದರು. ನಡುರಾತ್ರಿ, ಅಷ್ಟು ಕೆಲಸದ ನಡುವೆ ನಿಂತು ಬಿಡಿಸಿ ಹೇಳಿದರು. ನಾನು ಕೈ ಚಾಚಿದೆ.

ಡಾಕ್ಟರು ಬೈಯುತ್ತಾರೆ ಅಂತಲೇ ಕಾದಿದ್ದೆ. ಈ ಕಾಯಿಲೆ ಇರುವವರಿಗೆ ಬೈಸಿಕೊಂಡು ಅಭ್ಯಾಸ. ಶುಗರ್ ಯಾಕೆ ಏರಿತು, ಏನು ತಿಂದೆ, ಎಲ್ಲಿ ತಪ್ಪು ಮಾಡಿದೆ. ಇವರು ಸ್ಟೂಲ್ ಎಳೆದುಕೊಂಡು ಕೂತರು. "17 ವರ್ಷ ನೀವೇ ನೋಡಿಕೊಂಡು ಬಂದಿದ್ದೀರಿ. ಹುಷಾರಿಲ್ಲದಾಗ ಏನು ಮಾಡಬೇಕು ಅಂತ ಯಾರಾದರೂ ಹೇಳಿಕೊಟ್ಟಿದ್ದರಾ?" ಇಲ್ಲ ಅಂದೆ. ಅವತ್ತು ಅತ್ತುಬಿಟ್ಟೆ. ಊಟ ಸೇರದಿದ್ದರೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಶುಗರ್ ಮತ್ತೆ ಮತ್ತೆ ನೋಡಬೇಕು, ಕೀಟೋನ್ ಪರೀಕ್ಷೆ ಮಾಡಿಕೊಳ್ಳಬೇಕು, ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಬರಬೇಕು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅದೀಗ ಅಕ್ಕನ ಹತ್ತಿರ ಇದೆ.

ಹಾಸಿಗೆಯಲ್ಲಿ ಮಲಗಿ, ಈ ಕಾಯಿಲೆಗೆ ಇನ್ಸುಲಿನ್ ಪಡೆದವರಲ್ಲಿ ಮೊದಲಿಗನಾದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನನ್ನು ತುಂಬ ನೆನೆದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡಾಗ ಅವನಿಗೆ 14 ವರ್ಷ. ಮೊದಲ ಸಲ ಅಷ್ಟಾಗಿ ಗುಣ ಕಾಣಲಿಲ್ಲ. ವಿಜ್ಞಾನಿ ಕಾಲಿಪ್ ಅದನ್ನು ಇನ್ನಷ್ಟು ಶುದ್ಧ ಮಾಡಿದ ಮೇಲೆ ಅದೇ ತಿಂಗಳು ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡು ಮುಂದೆ 13 ವರ್ಷ ಬದುಕಿದ. ಅದಕ್ಕೂ ಮುಂಚೆ ಈ ಕಾಯಿಲೆ ಬಂದವರು ಉಳಿಯುತ್ತಿರಲಿಲ್ಲ. ನನ್ನ ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದದ್ದು ಅದೇ ಔಷಧಿ. ಆ ಹುಡುಗನಿಗೂ, ಇನ್ಸುಲಿನ್ ಕೊಟ್ಟ ವಿಜ್ಞಾನಿಗಳಾದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಅವರಿಗೂ ನನ್ನ ನಮಸ್ಕಾರ.

ಪಕ್ಕದ ಹಾಸಿಗೆಯ ಹಿರಿಯರೇ, ನನಗೆ ನಿದ್ದೆ ಬರದ ರಾತ್ರಿಗಳಲ್ಲಿ ನೀವೂ ಎಚ್ಚರವಿದ್ದು ಮಾತಾಡಿಸಿದಿರಿ. ಬೇಗ ಮನೆಗೆ ಹೋಗಿ.

ಡಿಸ್ಚಾರ್ಜ್ ಆದ ದಿನ ರಾತ್ರಿ ಪಾಳಿಯ ಆ ಸಿಸ್ಟರ್ ಸಿಗಲಿಲ್ಲ, ಅವರ ಡ್ಯೂಟಿ ಮುಗಿದಿತ್ತು. ಮಾಸ್ಕ್ ಹಾಕಿದ ಮುಖ ಬಿಟ್ಟರೆ ಬೇರೆ ಗುರುತಿಲ್ಲ, ಹೆಸರೂ ಕೇಳಿರಲಿಲ್ಲ. ಮುಂದಿನ ವಾರ ಚೆಕಪ್ಪಿಗೆ ಹೋಗಬೇಕು. ಸ್ವಲ್ಪ ತಡವಾಗಿ ಹೊರಟು, ರಾತ್ರಿ ಪಾಳಿಯವರು ಬರುವವರೆಗೂ ಅಲ್ಲೇ ಕಾಯುತ್ತೇನೆ.