ಆಫೀಸಿನಲ್ಲೊಂದು ಗೋದಲಿ

ಕಳೆದ ವಾರ ನಮ್ಮ ಕೂಟದ ಒಬ್ಬ ಹುಡುಗ ಫೋನ್ ಮಾಡಿದ್ದ. ಊರಿಂದ ಲಂಡನ್ನಿಗೆ ಬಂದು ಇನ್ನೂ ಎಂಟು ತಿಂಗಳು. ಅವನ ಆಫೀಸಿನಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರೂ ತಮ್ಮ ತಮ್ಮ ಮೇಜು ಅಲಂಕಾರ ಮಾಡಬೇಕಂತೆ. "ಅಣ್ಣ, ಇದು ನಮ್ಮ ಹಬ್ಬ ಅಲ್ವಲ್ಲ, ನಾನು ಎಂತ ಮಾಡುವುದು? ಸುಮ್ನೆ ಇದ್ದುಬಿಡಲಾ?" ಎಂದು ಕೇಳಿದ. ಅವನು ಮಂಗಳೂರಿನ ಹತ್ತಿರದ ಸುರತ್ಕಲ್‌ನವನು. ಅಲ್ಲಿ ಹುಟ್ಟಿ ಬೆಳೆದವನಿಗೂ ಕ್ರಿಸ್ಮಸ್ ಬೇರೆಯವರದ್ದು ಅನ್ನಿಸಿತಲ್ಲ ಎಂದು ನನಗೆ ಬೇಜಾರಾಯಿತು. "ಸುಮ್ನೆ ಇರಬೇಡ ಮಾರಾಯ" ಎಂದೆ. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಈ ಸಲದ ಸಂಪಾದಕೀಯ.

ಇಲ್ಲಿಗೆ ಬರುವ ಮೊದಲು ಆರು ವರ್ಷ ನಾನು ಮಂಗಳೂರಿನ ಹಂಪನಕಟ್ಟೆಯ ಒಂದು ಆಫೀಸಿನಲ್ಲಿದ್ದೆ. ಮೂರನೇ ಮಾಳಿಗೆ, ಇಪ್ಪತ್ತು ಜನ. ಕಿಟಕಿ ತೆರೆದರೆ ಮಿಲಾಗ್ರಿಸ್ ಚರ್ಚಿನ ಘಂಟೆ ಕೇಳುತ್ತಿತ್ತು. ಕ್ರಿಸ್ಮಸ್ ಅಲಂಕಾರಕ್ಕೆಂದು ಆಫೀಸಿನಿಂದ ಒಂದು ಪೈಸೆ ಬರುತ್ತಿರಲಿಲ್ಲ. ಎಲ್ಲ ನಾವೇ ತರಬೇಕು, ನಾವೇ ಮಾಡಬೇಕು. ಅದರಿಂದಲೇ ಅದು ಅಷ್ಟು ಚೆನ್ನಾಗಿ ಆಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಕ್ಷತ್ರ ಕಟ್ಟುತ್ತಿದ್ದವನು ನಮ್ಮ ಅಟೆಂಡರ್. ಕುದ್ರೋಳಿಯವನು. ಪ್ರತಿ ದೀಪಾವಳಿಗೆ ಗೂಡುದೀಪ ಕಟ್ಟಿ ಸ್ಪರ್ಧೆಗೆ ಒಯ್ಯುವವನು. ಗೂಡುದೀಪಕ್ಕೆ ಸೀಳಿ ಉಳಿದ ಬಿದಿರಿನ ಕಡ್ಡಿಗಳನ್ನು ಪೇಪರಿನಲ್ಲಿ ಸುತ್ತಿ ಡಿಸೆಂಬರ್ ಮೊದಲ ಶನಿವಾರ ಆಫೀಸಿಗೆ ತರುತ್ತಿದ್ದ. ಒಂದೇ ಅಳತೆಯ 10 ಕಡ್ಡಿ ಬೇಕು. ಐದನ್ನು ಒಂದರ ಮೇಲೊಂದು ಹೆಣೆದು ತುದಿಗಳನ್ನು ನೂಲಿನಿಂದ ಬಿಗಿದರೆ ಒಂದು ನಕ್ಷತ್ರ. ಹಾಗೆಯೇ ಇನ್ನೊಂದು. ಎರಡನ್ನೂ ಜೋಡಿಸಿಟ್ಟು ಐದು ತುದಿಗಳನ್ನು ಸೇರಿಸಿ ಕಟ್ಟಬೇಕು. ಆಮೇಲೆ, ನಡುವೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಕಡೆಗಳಲ್ಲಿ ಬೆರಳುದ್ದದ ತುಂಡುಗಳನ್ನು ಎರಡೂ ನಕ್ಷತ್ರಗಳ ಮಧ್ಯೆ ಅಡ್ಡ ಕೊಡಬೇಕು. ಅಷ್ಟು ಹೊತ್ತು ಚಪ್ಪಟೆಯಾಗಿದ್ದದ್ದು ಆಗ ಒಮ್ಮೆಲೇ ಉಬ್ಬುತ್ತದೆ, ಒಳಗೆ ಬಲ್ಬಿಗೆ ಜಾಗ ಆಗುತ್ತದೆ. ಆ ಕ್ಷಣ ನೋಡಲಿಕ್ಕೆಂದೇ ನಾವೆಲ್ಲ ಕೆಲಸ ಬಿಟ್ಟು ಸುತ್ತ ನಿಲ್ಲುತ್ತಿದ್ದೆವು. ತೆಳು ಬಣ್ಣದ ಕಾಗದವನ್ನು ಮೈದಾ ಅಂಟಿನಲ್ಲಿ ಹಚ್ಚಿ, ಮೇಲೆ ಚೂರೇ ಚೂರು ನೀರು ಚಿಮುಕಿಸಿ ಒಣಗಲು ಬಿಡುತ್ತಿದ್ದ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಚೆಂಡೆಯ ಹಾಗೆ ಬಿಗಿ. ಕಾಗದದ ನಕ್ಷತ್ರ ಮಾಡುವುದನ್ನು 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ಶಾಲೆಯಲ್ಲಿ ಹುಡುಗರಿಗೆ ರೇಖಾಗಣಿತ ಕಲಿಸಲು ಬಳಸಿದ್ದರು ಎಂದು ನಾನು ಎಷ್ಟೋ ವರ್ಷ ಕಳೆದು ಓದಿದೆ. ನಮ್ಮವನ ಹತ್ತಿರ ಸ್ಕೇಲೂ ಇರಲಿಲ್ಲ, ಗೇಣು ಹಾಕಿ ಅಳೆಯುತ್ತಿದ್ದ. ಒಂದು ಕಡ್ಡಿಯೂ ಹೆಚ್ಚುಕಮ್ಮಿ ಆದದ್ದು ನಾನು ನೋಡಿಲ್ಲ.

ಮರ ಎಂದರೆ ಗಾಳಿಮರದ ಕೊಂಬೆ. ಸಸಿಹಿತ್ಲಿನಿಂದ ಬರುತ್ತಿದ್ದ ಒಬ್ಬರು ಸ್ಕೂಟರಿನ ಹಿಂದೆ ಕಟ್ಟಿ ತರುತ್ತಿದ್ದರು. ಬಕೆಟಿನಲ್ಲಿ ಹೊಯಿಗೆ ತುಂಬಿ, ನೀರು ಹಾಕಿ, ಕೊಂಬೆ ನಿಲ್ಲಿಸುವುದು. ಎಸಿಯ ಗಾಳಿಗೆ ಬೇಗ ಒಣಗುತ್ತದೆ, ಹಾಗಾಗಿ 20ನೇ ತಾರೀಕಿನ ಮೊದಲು ಬೇಡ ಎಂದು ಅವರೇ ಹೇಳುತ್ತಿದ್ದರು. ಇಲ್ಲಿನ ಮರಗಳ ಎದುರು ಅದು ಬಡಪಾಯಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಟ್ರಫಾಲ್ಗರ್ ಚೌಕದಲ್ಲಿ ನಿಲ್ಲಿಸುವ ಮರವೇ ಈ ನೆಲದ್ದಲ್ಲ, 1947ರಿಂದ ನಾರ್ವೆಯ ಓಸ್ಲೋ ನಗರದವರು ವರ್ಷ ವರ್ಷ ಕಳಿಸಿಕೊಡುವುದು. ಯಾವ ಊರಿನಲ್ಲಿ ಯಾವ ಮರ ಸಿಗುತ್ತದೋ, ಯಾರು ಪ್ರೀತಿಯಿಂದ ತಂದುಕೊಡುತ್ತಾರೋ, ಅದೇ ಮರ.

ಮೊದಲ ವರ್ಷ ಒಂದು ಎಡವಟ್ಟೂ ಆಯಿತು. ಸೀರಿಯಲ್ ಲೈಟನ್ನು ಕಂಪ್ಯೂಟರಿನ ಯುಪಿಎಸ್ ಲೈನಿಗೇ ಸಿಕ್ಕಿಸಿದ್ದರು. ಮಧ್ಯಾಹ್ನ ಟ್ರಿಪ್ ಆಗಿ ಅರ್ಧ ದಿನದ ಬಿಲ್ಲುಗಳೆಲ್ಲ ಹೋದವು, ರಾತ್ರಿ ಒಂಬತ್ತರವರೆಗೆ ಕೂತು ಮತ್ತೆ ಹಾಕಿದೆವು. ಅಲ್ಲಿಂದ ಮುಂದೆ ದೀಪಕ್ಕೆ ಬೇರೆ ಪ್ಲಗ್ ಆಯಿತು, ಮನೆಗೆ ಹೋಗುವಾಗ ಸ್ವಿಚ್ ಆಫ್ ಮಾಡಲು ಒಬ್ಬರಿಗೆ ಜವಾಬ್ದಾರಿ ಕೊಟ್ಟೆವು.

ಗೋದಲಿ, ಅಂದರೆ ಯೇಸು ಹುಟ್ಟಿದ ಹಟ್ಟಿಯ ಮಾದರಿ, ಮಾತ್ರ ಬಾಯಮ್ಮನದ್ದು. ಬೆಂದೂರಿನವರು, ಅಕೌಂಟ್ಸಿನಲ್ಲಿದ್ದರು, ನಾವೆಲ್ಲ ಬಾಯಮ್ಮ ಎಂದೇ ಕರೆಯುತ್ತಿದ್ದೆವು. ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿ ಅಲ್ವಾ? ಅವರು ಅದನ್ನು ಒಂದು ದಿನವೂ ಮರೆಯುತ್ತಿರಲಿಲ್ಲ. "ಹಟ್ಟಿ ಹಟ್ಟಿಯ ಹಾಗೆ ಇರಬೇಕು, ಥಳಥಳ ಅನ್ನಬಾರದು" ಎನ್ನುತ್ತಿದ್ದರು. ಫೈಲ್ ಇಡುವ ಕಪಾಟಿನ ಮೇಲೆ ರಟ್ಟಿನ ಗೋಡೆ, ಮುಳಿಹುಲ್ಲಿನ ಮಾಡು, ಒಳಗೆ ಬೈಹುಲ್ಲು. ಅವರ ಅಮ್ಮನ ಕಾಲದ ಮಣ್ಣಿನ ಗೊಂಬೆಗಳು. ಕತ್ತೆಗೆ ಒಂದು ಕಿವಿ ಇರಲಿಲ್ಲ. ಬೇರೆ ತರುವ ಎಂದು ನಾವು ಹೇಳಿದರೂ ಅವರು ಬಿಡಲಿಲ್ಲ.

ಹಟ್ಟಿಯ ಎದುರು ಹಸಿರು ಬೇಕಲ್ಲ, ಅದಕ್ಕೆ ಡಿಸೆಂಬರ್ 10ರ ಹೊತ್ತಿಗೆ ರಾಗಿ ಬಿತ್ತುತ್ತಿದ್ದರು. ತೆಂಗಿನ ಗೆರಟೆಯಲ್ಲಿ ಎರಡು ಬೆರಳು ಮಣ್ಣು, ರಾತ್ರಿ ನೆನೆಸಿದ ರಾಗಿ, ಮೇಲೆ ಮತ್ತೆ ಒಂಚೂರು ಮಣ್ಣು. ಪ್ರತಿಯೊಬ್ಬರ ಮೇಜಿಗೂ ಒಂದೊಂದು ಗೆರಟೆ. ದಿನಾ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುವ ಮೊದಲು ನೀರು ಚಿಮುಕಿಸಬೇಕು. ನಾಲ್ಕನೇ ದಿನ ಬಿಳಿ ತುದಿ ಕಾಣುತ್ತಿತ್ತು, ಎರಡು ವಾರ ಆಗುವಾಗ ಬೆರಳುದ್ದದ ಹಸಿರು. ಯಾರದ್ದು ಉದ್ದ, ಯಾರದ್ದು ದಟ್ಟ ಎಂದು ಊಟದ ಹೊತ್ತಿಗೆ ನೋಡಲು ಬರುವವರು ಜಾಸ್ತಿ. 23ಕ್ಕೆ ಇಪ್ಪತ್ತು ಗೆರಟೆಗಳೂ ಗೋದಲಿಯ ಎದುರು ಸಾಲಾಗಿ ಕೂರುತ್ತಿದ್ದವು. ಅದೇ ದಿನ ಬಾಯಮ್ಮನ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಡಬ್ಬಿಯೂ ಬರುತ್ತಿತ್ತು. ನೆವ್ರಿ, ತುಕ್ಡಿ, ಕೊಕ್ಕಿಸ್. ಸಂಜೆಗೆ ಡಬ್ಬಿ ಖಾಲಿ.

ಆದರೆ ತೊಟ್ಟಿಲು ಖಾಲಿ ಇರಬೇಕು. ಮಗುವಿನ ಗೊಂಬೆಯನ್ನು 24ರ ರಾತ್ರಿ ಚರ್ಚಿನಲ್ಲಾಗುವ ಬಲಿಪೂಜೆಯ ಮೊದಲು ಇಡುವ ಹಾಗಿಲ್ಲ. ಹುಟ್ಟದ ಮಗುವನ್ನು ಮಲಗಿಸುವುದು ಹೇಗೆ ಎಂದು ಅವರು ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಫೀಸು 24ರ ಸಂಜೆ ಮುಚ್ಚಿದರೆ 26ಕ್ಕೇ ತೆರೆಯುವುದು. ಹಾಗಾಗಿ ಗೊಂಬೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟು ಹೋಗಿ, 26ರ ಬೆಳಿಗ್ಗೆ ಬಂದು ತಾವೇ ಮಲಗಿಸುತ್ತಿದ್ದರು.

ನನ್ನ ಕೊನೆಯ ವರ್ಷ 24ರಂದು ಅವರಿಗೆ ಜ್ವರ, ರಜೆ. ಹಿಂದಿನ ದಿನವೇ ಗೊಂಬೆಯನ್ನು ವಾಚ್‌ಮನ್ ಕೈಗೆ ಕೊಟ್ಟು ಜಾಗ್ರತೆಯಾಗಿ ಇಡಲು ಹೇಳಿದ್ದರಂತೆ. 26ಕ್ಕೆ ಬಂದು ನೋಡಿದರೆ ಮಗು ತೊಟ್ಟಿಲಿನಲ್ಲಿದೆ, ಬೈಹುಲ್ಲನ್ನು ಸುತ್ತಲೂ ಒತ್ತಿ ಬೆಚ್ಚಗೆ ಮಾಡಿದೆ, ಗೆರಟೆಗಳಿಗೆಲ್ಲ ನೀರು ಹಾಕಿದೆ. ವಾಚ್‌ಮನ್ ಪುತ್ತೂರಿನ ಕಡೆಯ ಹಿರಿಯರು, ರಾತ್ರಿ ಪಾಳಿ. ಕೇಳಿದ್ದಕ್ಕೆ, "ಚರ್ಚಿನ ಘಂಟೆ ಜೋರಾಗಿ ಹೊಡೆಯಿತಲ್ಲ, ಆಗ ಮೇಲೆ ಹೋಗಿ ಮಲಗಿಸಿದೆ. ಕಾಲು ತೊಳೆದೇ ಹೋದೆ" ಎಂದರು. ಬಾಯಮ್ಮ ಒಂದು ಮಾತೂ ಆಡಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡು ನಿಂತರು.

ಇದು ಯಾರ ಹಬ್ಬ ಎಂದು ಕೇಳಿದ ಹುಡುಗನಿಗೆ ನಾನು ಹೇಳಬೇಕೆಂದಿದ್ದದ್ದು ಇದನ್ನೇ.

ಇನ್ನು ಇಲ್ಲಿಯ ವಿಷಯ. ಮನೆಯಿಂದ ತಂದ ವಿದ್ಯುತ್ ಸಾಮಾನನ್ನು ಎಷ್ಟೋ ಆಫೀಸುಗಳಲ್ಲಿ ಪರೀಕ್ಷೆ ಮಾಡದೆ ಪ್ಲಗ್‌ಗೆ ಹಾಕಲು ಬಿಡುವುದಿಲ್ಲ, ಬ್ಯಾಟರಿ ದೀಪದ ಸರ ತನ್ನಿ. ಚಾವಣಿಯ ಸ್ಪ್ರಿಂಕ್ಲರಿಗೆ ಏನನ್ನೂ ನೇತುಹಾಕಬೇಡಿ. ಮೇಣದ ಬತ್ತಿ ಬೇಡವೇ ಬೇಡ. ಮೇಜಿನ ನಕ್ಷತ್ರಕ್ಕೆ ಬಾರ್ಬೆಕ್ಯೂ ಕಡ್ಡಿ ಸಾಕು, ಚೂಪು ತುದಿ ಮುರಿದುಕೊಳ್ಳಿ. ಕಿಟಕಿಗೆ ದೊಡ್ಡದು ಬೇಕೆಂದರೆ ತೋಟದ ಅಂಗಡಿಯಲ್ಲಿ ಬಿದಿರು ಸಿಗುತ್ತದೆ. ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಕಿಟಕಿಯ ನಕ್ಷತ್ರ ಬೀದಿಯವರಿಗೂ ಕಾಣುತ್ತದೆ. ಮುಳಿಹುಲ್ಲು ಸಿಗದು, ಮೊಲಕ್ಕೆ ಹಾಕುವ ಒಣಹುಲ್ಲು ಆಗುತ್ತದೆ.

ರಾಗಿ ಎಲ್ಲರ ಮನೆಯಲ್ಲೂ ಉಂಟಲ್ಲ. ಮೊಳಕೆ ಬರುವಂಥ ಇಡೀ ರಾಗಿ ಬೇಕು, ಹಿಟ್ಟು ಇದ್ದರೆ ಆಗದು. ಈ ಚಳಿಗೆ ಮೊಳಕೆ ತಡವಾಗುತ್ತದೆ, ಊರಿನ ಲೆಕ್ಕಕ್ಕಿಂತ ಒಂದು ವಾರ ಮೊದಲೇ ನೆನೆಹಾಕಿ, ಹೀಟರಿನ ಹತ್ತಿರದ ಕಿಟಕಿಯಲ್ಲಿಡಿ. ಗೆರಟೆ ಬೇಕಾದವರು ಹೇಳಿ, ನಮ್ಮ ಮನೆಯಲ್ಲಿ ತೆಗೆದಿಟ್ಟಿದ್ದೇನೆ.